ಫೋಟೊ ನಿಮ್ಮದು, ಮುಖ ಭಟ್ಟರದು: ಸ್ಟಾಕ್ ಚಿತ್ರಕ್ಕೆ ರಿಲೀಸ್ ಯಾವಾಗ ಬೇಕು?

ಪ್ರಶ್ನೆ: ಸರ್, ನಾನು ಡೊಂಬಿವಲಿಯವನು, ಬ್ಯಾಂಕ್ ನೌಕರಿ. ರಜೆ ಸಿಕ್ಕರೆ ಕ್ಯಾಮೆರಾ ಹಿಡಿದು ಹೊರಡುತ್ತೇನೆ. ಈಚೆಗೆ ಸ್ಟಾಕ್ ಸೈಟುಗಳಿಗೆ, ಅಂದರೆ ಫೋಟೊ ಬಳಸುವ ಲೈಸೆನ್ಸ್ ಮಾರುವ ಜಾಲತಾಣಗಳಿಗೆ, ಚಿತ್ರ ಹಾಕಲು ಶುರು ಮಾಡಿದೆ. ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಭಟ್ಟರು ಕಾಫಿ ಎತ್ತಿ ಹೊಯ್ಯುವುದು, ಊರಿನ ಯಕ್ಷಗಾನ ಮೇಳ ಮುಂಬೈಗೆ ಬಂದಾಗ ಚೌಕಿಯಲ್ಲಿ (ಕಲಾವಿದರು ಬಣ್ಣ ಹಚ್ಚುವ ಕೋಣೆಯಲ್ಲಿ) ತೆಗೆದ ಬಣ್ಣದ ವೇಷ, ಗೇಟ್‌ವೇ ಬಳಿಯಿಂದ ಕಾಣುವ ತಾಜ್ ಹೋಟೆಲು, ಪಣಜಿಯ ಫೌಂಟೇನ್ಹಾಸ್ ಓಣಿಯ ಬಣ್ಣದ ಮನೆಗಳು, ಗಣಪತಿ ಮೆರವಣಿಗೆ. ಹೆಚ್ಚಿನವು ‘ಮಾಡೆಲ್ ರಿಲೀಸ್ ಬೇಕು’, ‘ಪ್ರಾಪರ್ಟಿ ರಿಲೀಸ್ ಬೇಕು’ ಎಂದು, ಅಂದರೆ ಚಿತ್ರದಲ್ಲಿರುವವರ ಅಥವಾ ಅದರಲ್ಲಿ ಕಾಣುವ ಜಾಗ, ವಸ್ತುವಿನ ಒಡೆಯರ ಸಹಿ ಇರುವ ಒಪ್ಪಿಗೆ ಪತ್ರ ಬೇಕು ಎಂದು, ವಾಪಸ್ ಬಂದವು. ಹೋಟೆಲ್ ಮಾಲೀಕರು ‘ಧಾರಾಳ ತೆಗೀರಿ ಮಾರಾಯ್ರೆ’ ಎಂದೇ ಹೇಳಿದ್ದರು. ಉಳಿದವು ಹೆಚ್ಚಾಗಿ ಬೀದಿಯಲ್ಲಿ ನಿಂತು ತೆಗೆದವು. ಫೋಟೊ ನನ್ನದು, ಕಾಪಿರೈಟ್ ನನ್ನದು. ಇನ್ನೊಬ್ಬರ ಸಹಿ ಯಾಕೆ ಬೇಕು?

ಉತ್ತರ: ಕಾಪಿರೈಟ್ ನಿಮ್ಮದೇ, ಅದರಲ್ಲಿ ತಕರಾರಿಲ್ಲ. ಆದರೆ ಅದು ನೀವು ತೆಗೆದ ಚಿತ್ರದ ಮೇಲಿನ ಹಕ್ಕು. ಚಿತ್ರದೊಳಗಿನ ಭಟ್ಟರ ಮುಖವಾಗಲಿ, ಗೋಡೆಯ ಮೇಲೆ ಯಾರೋ ಬರೆದ ಪೇಂಟಿಂಗ್ ಆಗಲಿ, ತಾಜ್‌ನ ಗುಮ್ಮಟವಾಗಲಿ ಅದರ ಜತೆಗೆ ನಿಮ್ಮ ಕೈಗೆ ಬರುವುದಿಲ್ಲ. ಹಾಗಂತ ನೀವು ಅವನ್ನು ಕ್ಯಾಮೆರಾದಲ್ಲಿ ಹಿಡಿದದ್ದು ತಪ್ಪೂ ಅಲ್ಲ. ಬೀದಿಯಲ್ಲಿ ನಿಂತು ಕಂಡದ್ದನ್ನು ತೆಗೆಯಲು ಸಾಮಾನ್ಯವಾಗಿ ಯಾವ ಕಾಗದವೂ ಬೇಡ. ರಿಲೀಸ್ ಕೇಳುವುದು ಮುಂದಿನ ಹಂತಕ್ಕೆ: ಚಿತ್ರ ಕೊಂಡವನು ಅದನ್ನು ಏನಕ್ಕೆ ಬಳಸುತ್ತಾನೆ ಎನ್ನುವುದಕ್ಕೆ. ಇದೊಂದು ಮನಸ್ಸಿನಲ್ಲಿ ಕೂತರೆ ವಾಪಸ್ ಬಂದ ಚಿತ್ರಗಳ ಮುಕ್ಕಾಲು ಗೋಜಲು ತಾನಾಗಿ ಬಿಡಿಸಿಕೊಳ್ಳುತ್ತದೆ.

ನಾನು ಮೊದಲು ಜಾಹೀರಾತು ಕಚೇರಿಯಲ್ಲಿ ಚಿತ್ರ ಕೊಳ್ಳುವ ಕಡೆ ಇದ್ದವನು, ಆಮೇಲೆ ಮಾರುವ ಕಡೆಗೆ ಬಂದೆ. ವಕೀಲನಲ್ಲ. ನಿಮಗೆ ಈಗಾಗಲೇ ನೋಟಿಸ್ ಬಂದಿದ್ದರೆ ಇದನ್ನು ಓದುತ್ತ ಕೂರಬೇಡಿ, ವಕೀಲರನ್ನು ನೋಡಿ. ಬಂದಿಲ್ಲವಾದರೆ ಕೊಳ್ಳುವವನ ಕಣ್ಣಿನಿಂದ ನಿಮ್ಮ ಕಾಫಿ ಚಿತ್ರವನ್ನೇ ನೋಡೋಣ.

ಆ ಚಿತ್ರವನ್ನು ಒಂದು ವಾರಪತ್ರಿಕೆ ಕೊಂಡು ‘ಮಾಟುಂಗಾದ ಉಡುಪಿ ಹೋಟೆಲುಗಳು’ ಎಂಬ ಲೇಖನದ ಜತೆ ಹಾಕಿತು ಎನ್ನಿ. ಭಟ್ಟರು ಏನು ಮಾಡುತ್ತಿದ್ದಾರೋ ಅದನ್ನೇ ಲೇಖನ ಹೇಳುತ್ತಿದೆ. ಇದು ಎಡಿಟೋರಿಯಲ್ ಬಳಕೆ, ರಿಲೀಸ್ ಬೇಕಿಲ್ಲ. ಅದೇ ಚಿತ್ರವನ್ನು ಎದೆಯುರಿಯ ಮಾತ್ರೆ ಮಾರುವ ಕಂಪನಿ ಕೊಂಡು, ಭಟ್ಟರ ಮುಖದ ಪಕ್ಕ ‘ಕಾಫಿ ಜಾಸ್ತಿ ಆಯ್ತಾ?’ ಎಂದು ಬರೆದು ದಾದರ್ ಸ್ಟೇಷನ್ನಿನ ಎದುರು ದೊಡ್ಡ ಹೋರ್ಡಿಂಗ್ ನಿಲ್ಲಿಸಿತು ಎನ್ನಿ. ಭಟ್ಟರ ಮುಖ ಈಗ ಒಂದು ಮಾತ್ರೆಯನ್ನು ಮಾರುತ್ತಿದೆ, ಅವರನ್ನು ಯಾರೂ ಕೇಳಿಲ್ಲ. ಇದು ಕಮರ್ಷಿಯಲ್ ಬಳಕೆ. ಅವರ ಸಹಿ ಇಲ್ಲದೆ ನಡೆಯಬಾರದು. ಸ್ಟಾಕ್ ಸೈಟಿಗೆ ಅಪ್‌ಲೋಡ್ ಮಾಡುವ ಹೊತ್ತಿಗೆ ಕೊಳ್ಳುವವನು ಪತ್ರಿಕೆಯವನೋ ಮಾತ್ರೆಯವನೋ ನಿಮಗೂ ಗೊತ್ತಿಲ್ಲ, ಸೈಟಿಗೂ ಗೊತ್ತಿಲ್ಲ. ಅದಕ್ಕೇ ಕಮರ್ಷಿಯಲ್ ಪಟ್ಟಿಗೆ ಸೇರಿಸುವ ಮುಂಚೆ ಎಲ್ಲದಕ್ಕೂ ಕಾಗದ ಕೇಳುತ್ತಾರೆ.

ಇದು ಅಮೆರಿಕದವರ ಅತಿ ಜಾಗ್ರತೆ, ನಮ್ಮಲ್ಲಿ ಯಾರು ಕೇಳುತ್ತಾರೆ ಎನ್ನುವವರು ತುಂಬ ಜನ ಇದ್ದಾರೆ. ಅವರಿಗೆ 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದ ಪ್ರಕರಣವನ್ನು ನೆನಪಿಸುತ್ತೇನೆ. ಮಹಾರಾಷ್ಟ್ರದ ಒಂದು ಹಳ್ಳಿಯ ಹೆಣ್ಣುಮಗಳೊಬ್ಬರ ಚಿತ್ರವನ್ನು ಪರಿಚಯದ ಫೋಟೊಗ್ರಾಫರ್ ತೆಗೆದು ಶಟರ್‌ಸ್ಟಾಕ್ ಎಂಬ ಸ್ಟಾಕ್ ಸೈಟಿಗೆ ಹಾಕಿದ್ದ. ಅಲ್ಲಿಂದ ಅದು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯ ಸರ್ಕಾರಗಳ ಯೋಜನೆಗಳ ಜಾಹೀರಾತಿಗೆ ಹೋಯಿತು, ಒಂದು ರಾಜಕೀಯ ಪಕ್ಷದ ಪ್ರಚಾರಕ್ಕೂ ಹೋಯಿತು. ತನ್ನ ಒಪ್ಪಿಗೆ ಇಲ್ಲದೆ ಇದೆಲ್ಲ ನಡೆದಿದೆ ಎಂಬುದು ಆಕೆಯ ದೂರು. ಇದು ಗಂಭೀರ ವಿಷಯ ಎಂದ ನ್ಯಾಯಾಲಯ ಸರ್ಕಾರಗಳಿಗೂ ಶಟರ್‌ಸ್ಟಾಕ್‌ಗೂ ನೋಟಿಸ್ ಕಳಿಸಿತು. ಯೋಚನೆ ಮಾಡಿ: ಆ ಜಾಹೀರಾತು ಮಾಡಿದವರು ದುಡ್ಡು ಕೊಟ್ಟು, ಲೈಸೆನ್ಸ್ ಪಡೆದು ಚಿತ್ರ ತಂದವರೇ ಇರಬಹುದು. ಆದರೂ ಸರಪಳಿಯ ಮೊದಲ ಕೊಂಡಿಯಲ್ಲಿ ಸಹಿ ಇಲ್ಲದಿದ್ದರೆ ಕೊನೆಯ ಕೊಂಡಿಯವರೆಗೂ ಎಲ್ಲರೂ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.

ನಮ್ಮಲ್ಲಿ ‘ಮುಖದ ಹಕ್ಕು’ ಎಂಬ ಹೆಸರಿನ ಪ್ರತ್ಯೇಕ ಕಾಯ್ದೆ ಇಲ್ಲ, ತೀರ್ಪುಗಳು ಇವೆ. 1994ರ ರಾಜಗೋಪಾಲ್ ಪ್ರಕರಣದಲ್ಲಿ, ಒಬ್ಬರ ಹೆಸರನ್ನೋ ರೂಪವನ್ನೋ ಒಪ್ಪಿಗೆ ಇಲ್ಲದೆ ಜಾಹೀರಾತಿಗೆ ಬಳಸಿದರೆ ಅದು ಖಾಸಗಿತನದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ ಹೇಳಿತು. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಅಂದಹಾಗೆ ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಸಿನಿಮಾ ನಟರು ತಮ್ಮ ಹೆಸರು, ದನಿ, ಮುಖಕ್ಕೆ ರಕ್ಷಣೆ ಕೇಳಿ ದೆಹಲಿ, ಮುಂಬೈ ಹೈಕೋರ್ಟುಗಳಿಂದ ಆದೇಶ ತರುತ್ತಿರುವುದು ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಭಟ್ಟರಿಗೆ ಅಷ್ಟು ದೊಡ್ಡ ವಕೀಲರು ಸಿಗಲಿಕ್ಕಿಲ್ಲ, ಆದರೆ ಖಾಸಗಿತನದ ಹಕ್ಕು ಅವರಿಗೂ ಇದೆ.

ಈಗ ಮಾಲೀಕರ ‘ಧಾರಾಳ ತೆಗೀರಿ’. ನಮ್ಮ ಜನ ಎಡವುವುದು ಇಲ್ಲೇ. ಮಾಲೀಕರು ಕೊಟ್ಟದ್ದು ಅವರ ಜಾಗದಲ್ಲಿ ನಿಂತು ಚಿತ್ರ ತೆಗೆಯುವ ಅನುಮತಿ. ಹೋಟೆಲಿನ ಒಳಾಂಗಣವನ್ನು ಜಾಹೀರಾತಿಗೆ ಮಾರಲು ಅವರು ಸಹಿ ಹಾಕಿದ ಪ್ರಾಪರ್ಟಿ ರಿಲೀಸ್ ಬೇರೆ ಬೇಕು. ಭಟ್ಟರ ಮುಖಕ್ಕೆ ಭಟ್ಟರದೇ ಸಹಿ ಬೇಕು. ಸಂಬಳ ಕೊಡುತ್ತಾರೆ ಎಂಬ ಕಾರಣಕ್ಕೆ ಮಾಲೀಕರು ಅವರ ಪರವಾಗಿ ಬರೆದುಕೊಡಲು ಆಗುವುದಿಲ್ಲ. ‘ಅವನು ನಮ್ಮ ಹುಡುಗನೇ, ನಾನು ಹೇಳ್ತೇನೆ’ ಎನ್ನುವ ಧಣಿಗಳು ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಆ ಮಾತು ರಿಲೀಸ್ ಆಗುವುದಿಲ್ಲ. ಮಾಲೀಕರು ಎದುರಿಗೆ ನಿಂತಿರುವಾಗ ಕೆಲಸದವರು ಹಾಕುವ ಸಹಿಯನ್ನೂ ನಾನು ಅಷ್ಟಾಗಿ ನಂಬುವುದಿಲ್ಲ. ಅವರ ಪಾಳಿ ಮುಗಿದ ಮೇಲೆ, ಗಲ್ಲಾದಿಂದ ದೂರ ಕೂತು ಮಾತಾಡಿ.

ಮಾತಾಡುವಾಗ ಏನು ಹೇಳಬೇಕು? 1872ರ ಕರಾರು ಕಾಯ್ದೆಯ 13ನೇ ಕಲಂ ಪ್ರಕಾರ ಎರಡೂ ಕಡೆಯವರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಒಪ್ಪಿಗೆ. ಸೈಟುಗಳ ನಮೂನೆ ಇಂಗ್ಲಿಷಿನಲ್ಲಿ ಇರುತ್ತದೆ, ಸಣ್ಣ ಅಕ್ಷರ, ಉದ್ದ ವಾಕ್ಯ. ಅದನ್ನು ಓದಲು ಬಾರದವರ ಮುಂದೆ ಹಿಡಿದು ‘ಇಲ್ಲೊಂದು ಸೈನ್ ಹಾಕಿ’ ಎಂದರೆ ಕಾಗದವೇನೋ ಸಿಗುತ್ತದೆ, ಒಪ್ಪಿಗೆ ಸಿಕ್ಕಿದಂತಲ್ಲ. ಭಟ್ಟರಿಗೆ ಕನ್ನಡದಲ್ಲೋ ತುಳುವಿನಲ್ಲೋ, ಸಸೂನ್ ಡಾಕ್‌ನಲ್ಲಿ ಮೀನು ಮಾರುವ ಕೋಳಿ ಸಮುದಾಯದ ಹೆಂಗಸಿಗೆ ಮರಾಠಿಯಲ್ಲಿ, ಮಡಗಾಂವ್ ಮಾರ್ಕೆಟ್ಟಿನವರಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳಬೇಕು: ಈ ಚಿತ್ರ ಜಗತ್ತಿನ ಯಾವ ದೇಶದಲ್ಲಾದರೂ ಬರಬಹುದು, ಯಾವುದೋ ಎಣ್ಣೆಯ, ವಿಮೆಯ, ಬ್ಯಾಂಕಿನ ಜಾಹೀರಾತಿನಲ್ಲಿ ಬರಬಹುದು, ಎಷ್ಟು ವರ್ಷವಾದರೂ ಬರಬಹುದು, ಪ್ರತಿ ಸಲ ನಿಮಗೆ ದುಡ್ಡು ಬರುವುದಿಲ್ಲ. ಇಷ್ಟು ಕೇಳಿದ ಮೇಲೆ ಕೆಲವರು ಬೇಡ ಎನ್ನುತ್ತಾರೆ. ಆ ಚಿತ್ರ ಎಡಿಟೋರಿಯಲ್‌ಗೆ ಹೋಗಲಿ.

ಅದೇ ಕಾಯ್ದೆಯ 25ನೇ ಕಲಂ ಪ್ರಕಾರ ಪ್ರತಿಫಲವಿಲ್ಲದ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ. ಆದ್ದರಿಂದ ಏನಾದರೂ ಕೊಡಿ, ಕೊಟ್ಟದ್ದನ್ನು ಕಾಗದದಲ್ಲಿ ಬರೆಯಿರಿ. ಸಣ್ಣ ಮೊತ್ತ ಆಗಬಹುದು, ಚೌಕಟ್ಟು ಹಾಕಿಸಿದ ಪ್ರಿಂಟ್ ಆಗಬಹುದು. ನನ್ನ ಕೇಳಿದರೆ ಎರಡನ್ನೂ ಕೊಡಿ. ದುಡ್ಡು ಖರ್ಚಾಗಿ ಮರೆತುಹೋಗುತ್ತದೆ, ಪ್ರಿಂಟ್ ಊರ ಮನೆಯ ಗೋಡೆಯ ಮೇಲೆ ಉಳಿಯುತ್ತದೆ; ನಾಳೆ ಅದೇ ಹೋಟೆಲಿಗೆ ಹೋದರೆ ನಿಮ್ಮನ್ನು ಕರೆದು ಕೂರಿಸುತ್ತಾರೆ.

ಕಾಗದದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಅವರ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಚಿತ್ರ ತೆಗೆದ ದಿನ ಮತ್ತು ಜಾಗ, ನಿಮ್ಮ ಹೆಸರು, ಇಬ್ಬರ ಸಹಿ, ಜತೆಗೆ ಒಬ್ಬ ಸಾಕ್ಷಿ. ಸಾಕ್ಷಿ ನೀವೂ ಆಗಬಾರದು, ಅವರೂ ಆಗಬಾರದು, ಮೂರನೆಯವರಿರಲಿ. ನಿಮ್ಮದೇ ನಮೂನೆ ಬರೆಯಲು ಹೋಗದೆ ಸೈಟಿನವರು ಕೊಟ್ಟದ್ದನ್ನೇ ಬಳಸಿ. ಒಂದೇ ಚಿತ್ರವನ್ನು ಎರಡು ಮೂರು ಕಡೆ ಮಾರುವುದಾದರೆ ಎಲ್ಲ ಕಡೆ ನಡೆಯುವ ನಮೂನೆ ಆರಿಸಿ. ಮೊಬೈಲಿನಲ್ಲೇ ಸಹಿ ಪಡೆಯುವ ಈಸಿ ರಿಲೀಸ್‌ನಂಥ ಆ್ಯಪ್‌ಗಳಿವೆ. ಬೇರೆ ದಿನ ಹೋಗಿ ಅವರನ್ನೇ ಮತ್ತೆ ತೆಗೆದರೆ ಹೊಸ ಕಾಗದ ಮಾಡಿಸಿ. ಹೊಸಬರು ನಗುವ ಒಂದು ನಿಯಮವೂ ಇದೆ: ಟ್ರೈಪಾಡ್ ಇಟ್ಟು ನೀವೇ ಎದುರು ನಿಂತು ತೆಗೆದುಕೊಂಡ ಚಿತ್ರಕ್ಕೂ ನಿಮ್ಮದೇ ಸಹಿಯ ರಿಲೀಸ್ ಕೇಳುತ್ತಾರೆ. ನಗಬೇಡಿ, ಹಾಕಿ ಕಳಿಸಿ. ಚಿತ್ರದಲ್ಲಿರುವವರು ನೀವೇ ಎಂದು ಪರಿಶೀಲಿಸುವವರಿಗೆ ಹೇಗೆ ಗೊತ್ತಾಗಬೇಕು?

ಭಟ್ಟರು ಒಪ್ಪದಿದ್ದರೆ ಕೈ, ಡವರಾ, ಲೋಟ, ಇಳಿಯುವ ಕಾಫಿ ಇಷ್ಟೇ ಬರುವಂತೆ ಕ್ರಾಪ್ ಮಾಡಬಹುದು. ಕೈ ಮೇಲೆ ಹಚ್ಚೆಯೋ ಹೆಸರು ಕೆತ್ತಿದ ಉಂಗುರವೋ ಇಲ್ಲದಿದ್ದರೆ ಅದು ಬಹುಪಾಲು ದಾಟುತ್ತದೆ. ಹಿನ್ನೆಲೆಯನ್ನು ಮಾತ್ರ ಮರೆಯಬೇಡಿ. ಉಡುಪಿ ಹೋಟೆಲಿನ ಗೋಡೆ ಎಂದರೆ ದೇವರ ಕ್ಯಾಲೆಂಡರು, ಬ್ರಾಂಡ್ ಹೆಸರಿನ ಗಡಿಯಾರ, ತಂಪು ಪಾನೀಯದ ಫ್ರಿಜ್ಜು. ಕ್ಯಾಲೆಂಡರಿನ ಕೃಷ್ಣ ಎಲ್ಲರಿಗೂ ಸೇರಿದವನಿರಬಹುದು, ಆದರೆ ಆ ಚಿತ್ರ ಯಾರೋ ಕಲಾವಿದ ಬರೆದದ್ದು.

ಯಕ್ಷಗಾನದ ಚಿತ್ರಕ್ಕೆ ಬರುತ್ತೇನೆ. ‘ಮುಖಕ್ಕೆ ಇಷ್ಟು ಬಣ್ಣ, ಚುಟ್ಟಿ ಇದೆ, ಯಾರೆಂದು ಗೊತ್ತಾಗುವುದೇ ಇಲ್ಲವಲ್ಲ’ ಎಂದು ನೀವು ವಾದಿಸಬಹುದು. ಇದು ಒಳ್ಳೆಯ ಪ್ರಶ್ನೆಯೇ. ಗುರುತು ಸಿಗುವುದು ಎಂದರೆ ದಾರಿಹೋಕನಿಗೆ ಸಿಗಬೇಕೆಂದಿಲ್ಲ. ಆ ವ್ಯಕ್ತಿ ತನ್ನನ್ನು ತಾನು, ಅಥವಾ ಅವನನ್ನು ಬಲ್ಲವರು ಅವನನ್ನು, ಚಿತ್ರ ನೋಡಿ ಹೇಳಬಲ್ಲರೇ ಎಂಬುದು ಅಳತೆ. ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿ ಕನ್ನಡಿ ಹಿಡಿದವರನ್ನು ಬಿಡಿ, ರಂಗಸ್ಥಳದಲ್ಲಿ ಪೂರ್ತಿ ಬಣ್ಣದ ವೇಷದಲ್ಲಿದ್ದರೂ ನಿಲುವು ನೋಡಿಯೇ ‘ಇದು ಇಂಥವರು’ ಎನ್ನುವ ಪ್ರೇಕ್ಷಕರು ನಮ್ಮಲ್ಲಿ ಇದ್ದಾರೆ. ಆದ್ದರಿಂದ ಕಲಾವಿದರ ಸಹಿ ಬೇಕು. ಮೇಳದ ಯಜಮಾನರನ್ನೂ ಕೇಳಿ. ವೇಷಭೂಷಣ ಮೇಳದ್ದು, ಚೌಕಿಯ ಒಳಗೆ ಬಿಟ್ಟುಕೊಂಡದ್ದು ಅವರು. ಸಭಾಂಗಣದಲ್ಲಿ ಟಿಕೆಟ್ಟಿನ ಆಟವಾಗಿದ್ದರೆ ಟಿಕೆಟ್ಟಿನ ಹಿಂದೆ, ಬಾಗಿಲಲ್ಲಿ ಏನು ಬರೆದಿದ್ದಾರೆ ನೋಡಿ. ಫೋಟೊ ಬೇಡ ಎಂದಿದ್ದರೆ ಆ ಷರತ್ತು ಒಪ್ಪಿಯೇ ನೀವು ಒಳಗೆ ಹೋದಂತೆ.

ಬಾಲಗೋಪಾಲ ವೇಷದ ಮಕ್ಕಳ ಚಿತ್ರ ಇದ್ದರೆ ಇನ್ನೂ ಬಿಗಿ. 18 ತುಂಬದವರು ಕರಾರು ಮಾಡಲು ಅರ್ಹರಲ್ಲ. ತಾಯಿ, ತಂದೆ ಅಥವಾ ಕಾನೂನುಬದ್ಧ ಪೋಷಕರೇ ಸಹಿ ಹಾಕಬೇಕು. ಯಕ್ಷಗಾನ ಕಲಿಸುವ ಗುರುಗಳ ಸಹಿ ನಡೆಯುವುದಿಲ್ಲ, ಶಾಲೆಯ ಹೆಡ್‌ಮಾಸ್ಟರರದ್ದೂ ನಡೆಯುವುದಿಲ್ಲ. ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಸೈಟಿನ ನಿಯಮಕ್ಕಿಂತ ಒಂದು ಹೆಜ್ಜೆ ಮುಂದೆ ಇದೆ. ಸ್ವಂತ ಮಕ್ಕಳು, ತೀರ ಹತ್ತಿರದ ನೆಂಟರ ಮಕ್ಕಳು ಬಿಟ್ಟರೆ ಕಮರ್ಷಿಯಲ್‌ಗೆ ಹಾಕಲೇಬೇಡಿ.

ಕಟ್ಟಡಗಳ ವಿಷಯ ಬೇರೆ, ಇಲ್ಲಿ ನಮ್ಮ ಕಾನೂನು ನಿಮ್ಮ ಪರವಾಗಿಯೇ ಇದೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಂ, ವಾಸ್ತುಕೃತಿಯ ಫೋಟೊ ತೆಗೆದು ಪ್ರಕಟಿಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ. ಸಾರ್ವಜನಿಕರಿಗೆ ಪ್ರವೇಶವಿರುವ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪಕ್ಕೂ ಅದೇ ವಿನಾಯಿತಿ. ಎಫ್. ಡಬ್ಲ್ಯು. ಸ್ಟೀವನ್ಸ್ ಕಟ್ಟಿದ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣವನ್ನು ಎದುರಿನ ರಸ್ತೆಯಿಂದ ತೆಗೆದು ಮಾರಲು ವಾಸ್ತುಶಿಲ್ಪಿಯ ಸಹಿ ಬೇಕಿಲ್ಲ. ಆ ಕಾಪಿರೈಟ್ ಎಂದೋ ಮುಗಿದಿದೆ, ಮುಗಿಯದಿದ್ದರೂ ಬೇಕಿರಲಿಲ್ಲ. ಸ್ಟೇಷನ್ನಿನ ಒಳಗೆ ಹೋದಿರೋ, ಅದು ರೈಲ್ವೆಯ ಜಾಗ. ವಾಣಿಜ್ಯ ಚಿತ್ರೀಕರಣಕ್ಕೆ ಅವರ ಅನುಮತಿ ಪಡೆಯಬೇಕು. ಎಲಿಫೆಂಟಾ, ಪುಣೆಯ ಶನಿವಾರವಾಡೆಯಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲೂ ಕೈಯಲ್ಲಿ ಹಿಡಿದ ಕ್ಯಾಮೆರಾ ಒಂದು ಲೆಕ್ಕ, ಟ್ರೈಪಾಡ್ ಮತ್ತು ಮಾಡೆಲ್ ತಂದು ಮಾಡುವ ಶೂಟ್ ಇನ್ನೊಂದು ಲೆಕ್ಕ.

ಕಾಪಿರೈಟ್ ವಿನಾಯಿತಿ ಇದ್ದ ಮೇಲೆ ತಾಜ್ ಯಾಕೆ ವಾಪಸ್ ಬಂತು? ಅದು ಟ್ರೇಡ್‌ಮಾರ್ಕ್ ಕಥೆ. 1903ರಲ್ಲಿ ತೆರೆದ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಕಟ್ಟಡದ ರೂಪವನ್ನೇ ಅದರ ಕಂಪನಿ 2017ರಲ್ಲಿ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿತು. ದೇಶದಲ್ಲಿ ಒಂದು ಕಟ್ಟಡಕ್ಕೆ ಹೀಗೆ ನೋಂದಣಿ ಸಿಕ್ಕಿದ್ದು ಅದೇ ಮೊದಲು. ಪ್ರವಾಸಿಗರು ಸೆಲ್ಫಿ ತೆಗೆದುಕೊಳ್ಳುವುದಕ್ಕೋ ಮುಂಬೈ ಬಗ್ಗೆ ಬರೆದ ಲೇಖನದಲ್ಲಿ ಚಿತ್ರ ಹಾಕುವುದಕ್ಕೋ ಇದರಿಂದ ತೊಂದರೆ ಇಲ್ಲ. ಇನ್ನೊಂದು ಹೋಟೆಲಿನ ಜಾಹೀರಾತಿನಲ್ಲಿ, ಟೀ ಶರ್ಟಿನ ಮೇಲೆ, ಬಿಸ್ಕತ್ತಿನ ಡಬ್ಬದ ಮೇಲೆ ಆ ಗುಮ್ಮಟ ಬಂದರೆ ತೊಂದರೆ. ಸೈಟುಗಳ ಬಳಿ ಇಂಥ ಕಟ್ಟಡಗಳ ಪಟ್ಟಿಯೇ ಇದೆ. ಪಟ್ಟಿಯಲ್ಲಿದ್ದರೆ ಪರಿಶೀಲಿಸುವವರು ನಮ್ಮ 52ನೇ ಕಲಂ ಓದಿಕೊಂಡು ಕೂರುವುದಿಲ್ಲ, ನೇರ ವಾಪಸ್ ಕಳಿಸುತ್ತಾರೆ. ಗೇಟ್‌ವೇ, ಸಮುದ್ರ, ದೋಣಿಗಳು, ಕೊಲಾಬಾ ದಡದ ಸಾಲು ಕಟ್ಟಡಗಳು ಇರುವ ದೂರದ ಚಿತ್ರದಲ್ಲಿ ತಾಜ್ ಒಂದು ಮೂಲೆಯಲ್ಲಿ ಬಂದರೆ ಸಾಮಾನ್ಯವಾಗಿ ತಕರಾರು ಕಡಿಮೆ. ಒಂದೇ ಕಟ್ಟಡ ಚೌಕಟ್ಟು ತುಂಬಿದರೆ ಎಡಿಟೋರಿಯಲ್‌ಗೆ ಹಾಕಿ, ತಲೆನೋವು ಬೇಡ.

52ನೇ ಕಲಂನಲ್ಲಿ ನಮ್ಮ ಬಹಳ ಫೋಟೊಗ್ರಾಫರುಗಳು ಗಮನಿಸದ ಒಂದು ಸಂದು ಇದೆ. ವಿನಾಯಿತಿ ಇರುವುದು ಕಟ್ಟಡಕ್ಕೆ, ಶಿಲ್ಪಕ್ಕೆ, ಕರಕುಶಲ ಕಲಾಕೃತಿಗೆ. ಪೇಂಟಿಂಗ್ ಆ ಪಟ್ಟಿಯಲ್ಲಿಲ್ಲ. ಸಿನಿಮಾದವರು ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಚಿತ್ರವನ್ನು ತಮ್ಮ ದೃಶ್ಯದಲ್ಲಿ ಸೇರಿಸಿಕೊಳ್ಳಬಹುದು ಎಂದು ಕಾಯ್ದೆ ಬೇರೆಯಾಗಿ ಹೇಳುತ್ತದೆ. ಸ್ಥಿರಚಿತ್ರ ತೆಗೆಯುವ ನಮಗೆ ಆ ಸಾಲು ಇಲ್ಲ. ಹಾಗಾಗಿ ಬಾಂದ್ರಾದ ಓಣಿಯ ಗೋಡೆಚಿತ್ರದ ಮುಂದೆ ನಿಂತು ನಿಮ್ಮ ತಂಗಿಯ ಚಿತ್ರ ತೆಗೆದು, ಅವಳ ಮಾಡೆಲ್ ರಿಲೀಸ್ ಜತೆಗಿಟ್ಟು ಕಳಿಸಿದರೂ ವಾಪಸ್ ಬರುತ್ತದೆ: ಗೋಡೆ ಬರೆದವರ ಸಹಿ ಎಲ್ಲಿ? ಕೊಲಾಬಾದ ಕೆಫೆ ಮೊಂಡೆಗಾರ್‌ನ ಗೋಡೆಗಳ ಮೇಲೆ ಮಾರಿಯೊ ಮಿರಾಂಡಾ ಅವರ ಚಿತ್ರಗಳಿವೆ. ಅವರು ತೀರಿಕೊಂಡದ್ದು 2011ರಲ್ಲಿ. ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಇರುತ್ತದೆ, ಅಂದರೆ 2071ರ ಕೊನೆಯವರೆಗೆ. ಆ ಗೋಡೆಯೇ ವಿಷಯವಾಗಿರುವ ಚಿತ್ರವನ್ನು ಕಮರ್ಷಿಯಲ್ ಆಗಿ ಮಾರಲು ಕೆಫೆ ಮಾಲೀಕರ ಸಹಿ ಸಾಲದು, ಹಕ್ಕು ಇರುವವರ ಸಹಿಯೂ ಬೇಕು.

ಗಣಪತಿಯ ಚಿತ್ರದಲ್ಲಿ ಇದು ಇನ್ನೂ ಸೂಕ್ಷ್ಮ. ಮೂರ್ತಿ ಶಿಲ್ಪವೇ, ಬೀದಿಯಲ್ಲೇ ಇದೆ, ಹಾಗಾದರೆ ವಿನಾಯಿತಿ ಸಿಗಬೇಕಲ್ಲವೇ? ಕಾಯ್ದೆಯ ಮಾತು ‘ಶಾಶ್ವತವಾಗಿ ಇರುವ’ ಶಿಲ್ಪ ಎಂದು. ಅನಂತ ಚತುರ್ದಶಿಗೆ ಗಿರಗಾಂವ್ ಚೌಪಾಟಿಯಲ್ಲಿ ಮುಳುಗುವ ಮೂರ್ತಿ ಶಾಶ್ವತ ಹೇಗಾಗುತ್ತದೆ? ಲಾಲ್‌ಬಾಗ್‌ಚಾ ರಾಜಾನಂಥ ಹೆಸರಾಂತ ಮೂರ್ತಿಗಳ ರೂಪ ತಲೆಮಾರುಗಳಿಂದ ಒಂದೇ ಮನೆತನದ ಶಿಲ್ಪಿಗಳ ಕೈಯಿಂದ ಬಂದದ್ದು. ಅದನ್ನು ಸ್ವೀಟ್ ಬಾಕ್ಸಿನ ಮೇಲೆ ಅಚ್ಚು ಹಾಕುವವರಿಗೆ ಚಿತ್ರ ಮಾರುವ ಧೈರ್ಯ ನಾನು ಮಾಡುವುದಿಲ್ಲ. ಮನೆಯ ಸಣ್ಣ ಮಣ್ಣಿನ ಗಣಪನಿಗೂ ಪ್ರಾಪರ್ಟಿ ರಿಲೀಸ್ ಕೇಳುವ ಸೈಟುಗಳಿವೆ. ಮೂರ್ತಿ ಮಾಡುವ ಪೇಣ್‌ನಿಂದಲೋ ಪರೇಲ್‌ನಿಂದಲೋ ತರುವಾಗಲೇ ಮಾಡಿದವರನ್ನು ಕೇಳಿ ಸಹಿ ಪಡೆದರೆ ಆಯಿತು. ಮೆರವಣಿಗೆಯ ಜನಜಂಗುಳಿ, ಗುಲಾಲು, ಢೋಲ್ ತಾಶಾ ಇವು ಎಡಿಟೋರಿಯಲ್‌ನಲ್ಲೇ ಚೆನ್ನಾಗಿ ಹೋಗುತ್ತವೆ. ಒಂದು ಮುಖವೂ ಗುರುತಿಗೆ ಸಿಗದ, ಕೈಗಳು ಮತ್ತು ಬಣ್ಣದ ಧೂಳು ಮಾತ್ರ ಇರುವ ಚೌಕಟ್ಟು ಸಿಕ್ಕರೆ ಕಮರ್ಷಿಯಲ್‌ಗೂ ನಡೆಯುತ್ತದೆ.

ಫೌಂಟೇನ್ಹಾಸ್ ಮನೆಗಳು ಖಾಸಗಿ ಮನೆಗಳು. ರಸ್ತೆಯಿಂದ ತೆಗೆದರೆ ಕಾಪಿರೈಟ್ ತಕರಾರು ಬರುವುದಿಲ್ಲ, ಆದರೂ ಒಂದೇ ಮನೆ, ಅದರ ಬಾಗಿಲು, ಹೆಸರು ಬರೆದ ಅಜುಲೇಜು (ಪೋರ್ಚುಗೀಸ್ ಶೈಲಿಯ ಚಿತ್ರದ) ಹೆಂಚು ಎದ್ದು ಕಂಡರೆ ಸೈಟುಗಳು ರಿಲೀಸ್ ಕೇಳುತ್ತವೆ. ಅಲ್ಲಿಯ ಜನ ಬೆಳಗಾದರೆ ತಮ್ಮ ಹೊಸ್ತಿಲ ಮೇಲೆ ಅಪರಿಚಿತರ ಫೋಟೊಶೂಟ್ ನೋಡಿ ಬೇಸತ್ತಿದ್ದಾರೆ, ಕೆಲವು ಮನೆಗಳ ಮುಂದೆ ಬೋರ್ಡೇ ಹಾಕಿದ್ದಾರೆ. ಕಾಯ್ದೆ ಏನೇ ಹೇಳಲಿ, ಬೋರ್ಡ್ ಹಾಕಿದ ಮನೆ ಬಿಡಿ. ಓಣಿಯ ಉದ್ದಕ್ಕೂ ಸಾಲಾಗಿ ಕಾಣುವ ಚಿತ್ರ ಸಾಕು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಂತೆ ಹವ್ಯಾಸಕ್ಕೆ ಶುರು ಮಾಡಿದವರು ಬೇಗ ಮದುವೆ, ಗೃಹಪ್ರವೇಶ, ಸೀಮಂತದ ಫೋಟೊಗೆ ಇಳಿಯುತ್ತಾರೆ. ಕಾಪಿರೈಟ್ ಕಾಯ್ದೆಯ 17ನೇ ಕಲಂ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ತಮಗಾಗಿ ತೆಗೆಸಿದ ಫೋಟೊದ ಮೊದಲ ಒಡೆಯರು ತೆಗೆಸಿದವರು, ಬೇರೆ ಕರಾರು ಇಲ್ಲದಿದ್ದರೆ. ‘ಫೋಟೊ ನನ್ನದು’ ಎಂಬ ನಿಮ್ಮ ವಾದ ಅಲ್ಲಿ ಬುಡದಲ್ಲೇ ಬೀಳುತ್ತದೆ. ಪುಣೆಯ ಯಾವುದೋ ಮಂಗಲ ಕಾರ್ಯಾಲಯದಲ್ಲಿ ದುಡ್ಡು ತೆಗೆದುಕೊಂಡು ತೆಗೆದ ಧಾರೆಯ ಚಿತ್ರ, ಮದರಂಗಿ ಕೈಯ ಚಿತ್ರ ಸ್ಟಾಕ್‌ಗೆ ಹಾಕಬೇಕೆಂದರೆ ಮೊದಲು ಚಿತ್ರದ ಹಕ್ಕು ನಿಮಗೇ ಇರುತ್ತದೆ ಎಂದು ಬರವಣಿಗೆಯಲ್ಲಿ ಒಪ್ಪಂದ ಬೇಕು, ಆಮೇಲೆ ಚಿತ್ರದಲ್ಲಿರುವವರ ರಿಲೀಸ್ ಬೇಕು. ಎರಡೂ ಇಲ್ಲದೆ ಹಾಕಿದವರನ್ನು ನೋಡಿದ್ದೇನೆ. ಯಾರೋ ಮದುಮಗಳ ಮುಖ ಯಾವುದೋ ವಧೂವರರ ಜಾಲತಾಣದ ಜಾಹೀರಾತಿನಲ್ಲಿ ಬಂದರೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ರಿಲೀಸ್ ಇದ್ದರೂ ಎಲ್ಲವೂ ಮುಗಿಯಲಿಲ್ಲ ಎಂಬ ಒಂದು ವಲಯ ಇದೆ: ರೋಗ, ಸಾಲ, ಕುಡಿತ, ರಾಜಕೀಯ, ಲೈಂಗಿಕತೆ. 2013ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಸಂಸ್ಥೆಯೊಂದು ಎಚ್‌ಐವಿ ಪೀಡಿತರ ಹಕ್ಕುಗಳ ಜಾಹೀರಾತಿಗೆ ದೊಡ್ಡ ಚಿತ್ರಸಂಸ್ಥೆಯೊಂದರಿಂದ ಒಬ್ಬ ಯುವತಿಯ ಚಿತ್ರ ಕೊಂಡು ಹಾಕಿತು. ಆಕೆಗೆ ಎಚ್‌ಐವಿ ಇರಲೇ ಇಲ್ಲ, ರಿಲೀಸ್‌ಗೆ ಸಹಿಯನ್ನೂ ಹಾಕಿರಲಿಲ್ಲ. ಆಕೆ ಚಿತ್ರಸಂಸ್ಥೆಯ ಮೇಲೇ ದಾವೆ ಹೂಡಿದಳು. ದಾವೆ ಮುಂದುವರಿಯಬಹುದು ಎಂದು ಅಲ್ಲಿಯ ನ್ಯಾಯಾಲಯ ಹೇಳಿತು. ಸಹಿ ಇದ್ದರೂ ಇಂಥ ಬಳಕೆಗೆ ಸೈಟುಗಳು ಕೊಳ್ಳುವವರಿಗೆ ಬೇರೆ ನಿರ್ಬಂಧ ಹಾಕುತ್ತವೆ. ಈಗ ಇನ್ನೊಂದು ಸೇರಿದೆ. ಅಡೋಬಿ ಕಂಪನಿ ಚಿತ್ರ ರಚಿಸುವ ತನ್ನ ಫೈರ್‌ಫ್ಲೈ ಎಐಗೆ ತನ್ನ ಸ್ಟಾಕ್ ಸಂಗ್ರಹದ ಚಿತ್ರಗಳನ್ನು ಬಳಸಿ ತರಬೇತಿ ಕೊಟ್ಟಿತು. ಶಟರ್‌ಸ್ಟಾಕ್ ಕೂಡ ಎಐ ಕಂಪನಿಗಳಿಗೆ ಚಿತ್ರ ಕೊಡುತ್ತದೆ. ಸಹಿ ಹಾಕುವವರಿಗೆ ಇದನ್ನೂ ಒಂದು ಮಾತು ಹೇಳಿ. ಅವರಿಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಳ್ಳಬೇಡಿ; ಮೊಬೈಲಿನಲ್ಲಿ ಎಐ ವಿಡಿಯೊ ನೋಡದ ಅಡುಗೆಮನೆ ಈಗ ಮಾಟುಂಗಾದಲ್ಲಿ ಇಲ್ಲ.

ರಿಲೀಸ್ ಸಿಗದ ಚಿತ್ರಗಳಿಗೆ ಎಡಿಟೋರಿಯಲ್ ದಾರಿ ಇದೆ ಎಂದು ಹೇಳುತ್ತ ಬಂದೆ. ಅದಕ್ಕೂ ಶಿಸ್ತು ಇದೆ. ಕ್ಯಾಪ್ಷನ್ನಿನಲ್ಲಿ ಊರು, ದೇಶ, ದಿನಾಂಕ, ಏನು ನಡೆಯುತ್ತಿದೆ ಎಂಬುದು ನೇರವಾಗಿ ಇರಬೇಕು. ‘ಸಂತೋಷದ ಭಾರತೀಯ ಬಾಣಸಿಗ’ ಎಂಬಂಥ ಬಣ್ಣನೆ ನಡೆಯುವುದಿಲ್ಲ. ಚಿತ್ರದಲ್ಲಿ ಏನನ್ನೂ ಅಳಿಸಬಾರದು, ಸೇರಿಸಬಾರದು. ಮುಂಬೈನ ಕಪ್ಪು-ಹಳದಿ ‘ಕಾಲಿಪೀಲಿ’ ಟ್ಯಾಕ್ಸಿಯ ನಂಬರ್ ಪ್ಲೇಟ್, ನಗರ ಸಾರಿಗೆಯ ಬೆಸ್ಟ್ ಬಸ್ಸಿನ ಲಾಂಛನವನ್ನು ಕ್ಲೋನ್ ಮಾಡಿ ಒರೆಸುವುದು ಕಮರ್ಷಿಯಲ್ ಚಿತ್ರದ ಕೆಲಸ. ಒರೆಸಿದ ಚಿತ್ರವನ್ನು ಮತ್ತೆ ಎಡಿಟೋರಿಯಲ್‌ಗೆ ಕಳಿಸಬೇಡಿ. 2023ರಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳೂ ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸುಗಳೂ ಮುಂಬೈ ರಸ್ತೆಯಿಂದ ಹೋದವು. ನಿಮ್ಮ ಹಳೆಯ ಫೋಲ್ಡರಿನಲ್ಲಿ ಅವು ಇದ್ದರೆ ಏನನ್ನೂ ಒರೆಸದೆ ಹಾಗೇ ಹಾಕಿ; ಕೇಳಿ ಬರುವವರು ಇದ್ದಾರೆ. ಸೈಟಿನಿಂದ ಸೈಟಿಗೆ ವ್ಯತ್ಯಾಸವಿದೆ. ಅಡೋಬಿ ಸ್ಟಾಕ್‌ನ ಎಡಿಟೋರಿಯಲ್ ವಿಭಾಗ ಬ್ರಾಂಡು, ಕಟ್ಟಡದಂಥವಕ್ಕೆ. ಗುರುತು ಸಿಗುವ ಮುಖ ಅಲ್ಲಿ ನಡೆಯುವುದಿಲ್ಲ. ಅಲಾಮಿ ಎಂಬ ಸೈಟಿನಲ್ಲಿ, ಚಿತ್ರದೊಳಗೆ ಎಷ್ಟು ಜನ ಇದ್ದಾರೆ, ರಿಲೀಸ್ ಇದೆಯೇ ಇಲ್ಲವೇ ಎಂದು ನೀವೇ ನಮೂದಿಸುತ್ತೀರಿ. ಇಲ್ಲ ಎಂದರೂ ಚಿತ್ರ ಉಳಿಯುತ್ತದೆ. ಅಲ್ಲಿ ಸುಳ್ಳು ನಮೂದಿಸಿದರೆ ಹೊಣೆ ನಿಮ್ಮದು.

ಮಹಾರಾಷ್ಟ್ರದಲ್ಲಿ ಓಡಾಡುವವರಿಗೆ ಇನ್ನೊಂದು ಮಾತು. 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆಯ ಪಟ್ಟಿಯಲ್ಲಿ ಅಶೋಕ ಲಾಂಛನ, ಗಾಂಧೀಜಿಯವರ ಜತೆಗೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಮತ್ತು ಚಿತ್ರವೂ ಇದೆ. ಪ್ರತಿಮೆಯ ಫೋಟೊ ತೆಗೆಯಲು ಅಡ್ಡಿಯಿಲ್ಲ, ವ್ಯಾಪಾರಕ್ಕೆ ಬಳಸಲು ಅಡ್ಡಿ ಇದೆ. ಕೇಂದ್ರ ಸರ್ಕಾರದ ಪೂರ್ವಾನುಮತಿ ಬಿಟ್ಟರೆ ಬೇರೆ ಯಾರ ಸಹಿ ತಂದರೂ ಅದು ಬದಲಾಗುವುದಿಲ್ಲ.

ಕೊನೆಗೆ ಕಾಗದಗಳನ್ನು ಇಡುವ ರೀತಿ. ರಿಲೀಸ್‌ನ ಸ್ಕ್ಯಾನ್ ಫೈಲಿಗೆ ಚಿತ್ರದ ದಿನಾಂಕವನ್ನೇ ಹೆಸರಾಗಿ ಕೊಡಿ, ಮೂಲ ಕಾಗದವನ್ನೂ ಎಸೆಯಬೇಡಿ. ಸಹಿ ಮಾಡಿದವರ ಫೋನ್ ನಂಬರು ಬರೆದಿಟ್ಟುಕೊಳ್ಳಿ, ಅವರಿಗೊಂದು ಪ್ರತಿ ಕೊಡಿ. ಯಾರಾದರೂ ಮುಂದೆ ಮನಸ್ಸು ಬದಲಿಸಿ ‘ತೆಗೆದುಬಿಡಿ’ ಎಂದರೆ ಸೈಟಿನಿಂದ ಚಿತ್ರ ಇಳಿಸುವುದು ನಿಮ್ಮ ಕೈಯಲ್ಲಿದೆ, ಆದರೆ ಅಷ್ಟರಲ್ಲಿ ಲೈಸೆನ್ಸ್ ಕೊಂಡವರು ಅದನ್ನು ಬಳಸುತ್ತಲೇ ಇರಬಹುದು. ಇದನ್ನು ಸಹಿ ಹಾಕಿಸುವ ಮೊದಲೇ ಹೇಳಿರಬೇಕು.